ಆಟೋಕ್ಯಾಡ್ ಟೈಟಲ್ ಬಾರ್‌ನಲ್ಲಿ ರೆವಿಷನ್ ನಂಬರು ತೋರಿಸುವುದು ಹೇಗೆ?

ಪ್ರಶ್ನೆ: ಹುಬ್ಬಳ್ಳಿಯ ಒಂದು ಸ್ಟ್ರಕ್ಚರಲ್ ಕನ್ಸಲ್ಟೆನ್ಸಿಯಲ್ಲಿ ಆಟೋಕ್ಯಾಡ್ ಎಂಬ ನಕ್ಷೆ ಬಿಡಿಸುವ ಸಾಫ್ಟ್‌ವೇರಿನಲ್ಲಿ ಡ್ರಾಫ್ಟಿಂಗ್ ಕೆಲಸ ಮಾಡುತ್ತೇನೆ. ನಮ್ಮಲ್ಲಿ ಪ್ರತಿ ಪ್ರಾಜೆಕ್ಟಿನ ಫೋಲ್ಡರಿನಲ್ಲೂ ‘ಫೂಟಿಂಗ್ ಪ್ಲಾನ್’, ‘ಕಾಲಂ ಲೇಔಟ್’ ಅಂತ ಒಂದೇ ಹೆಸರಿನ ಫೈಲುಗಳಿರುತ್ತವೆ. ಏಳೆಂಟು ಡ್ರಾಯಿಂಗ್ ಒಟ್ಟಿಗೆ ತೆರೆದಿಟ್ಟುಕೊಂಡು ಕೆಲಸ ನಡೆಯುತ್ತದೆ. ಹೋದ ವಾರ ಹಳೇ ರೆವಿಷನ್ನಿನ ಮೇಲೆ ಅರ್ಧ ದಿನ ಕೆಲಸ ಮಾಡಿಬಿಟ್ಟೆ. ಮೇಲಿನ ಟೈಟಲ್ ಬಾರ್‌ನಲ್ಲಿ ಪ್ರಾಜೆಕ್ಟ್ ನಂಬರು, ರೆವಿಷನ್, ಸಾಧ್ಯವಾದರೆ ಸೈಟಿನ ಹೆಸರು ಕನ್ನಡದಲ್ಲೇ ಬರುವಂತೆ ವಿಬಿಎ (ಎಕ್ಸೆಲ್, ಆಟೋಕ್ಯಾಡ್‌ಗಳೊಳಗೆ ಓಡುವ ಪ್ರೋಗ್ರಾಮಿಂಗ್ ಭಾಷೆ) ಮ್ಯಾಕ್ರೋ ಬರೆಯಲು ಹೊರಟೆ. ಅಪ್ಲಿಕೇಶನ್ ಡಾಟ್ ಕ್ಯಾಪ್ಷನ್‌ಗೆ ಹೊಸ ಹೆಸರು ಕೊಟ್ಟರೆ ‘ಕಾಂಟ್ ಅಸೈನ್ ಟು ರೀಡ್-ಓನ್ಲಿ ಪ್ರಾಪರ್ಟಿ’ ಎಂದು ನಿಂತುಬಿಡುತ್ತದೆ. ಬೇರೆ ದಾರಿ ಇದೆಯೇ?

ಉತ್ತರ: ನಿಮ್ಮ ಕೋಡಿನಲ್ಲಿ ತಪ್ಪಿಲ್ಲ. ಎಕ್ಸೆಲ್‌ನಲ್ಲಿ ಅಪ್ಲಿಕೇಶನ್ ಡಾಟ್ ಕ್ಯಾಪ್ಷನ್‌ಗೆ ಬೇಕಾದ ಹೆಸರು ಕೊಡಬಹುದು. ಅಲ್ಲಿ ಮ್ಯಾಕ್ರೋ ಕಲಿತವರು ಆಟೋಕ್ಯಾಡ್‌ನಲ್ಲೂ ಹಾಗೇ ಇರಬೇಕು ಅಂದುಕೊಳ್ಳುವುದು ಸಹಜ. ಆದರೆ ಆಟೋಕ್ಯಾಡ್‌ನಲ್ಲಿ ಆ ಪ್ರಾಪರ್ಟಿಯನ್ನು ಓದಬಹುದೇ ಹೊರತು ಬರೆಯುವಂತಿಲ್ಲ. ಡ್ರಾಯಿಂಗಿಗೆ ಸೇರಿದ ವಿಂಡೋಟೈಟಲ್ ಪ್ರಾಪರ್ಟಿಯೂ ಅಷ್ಟೆ. ಮುಂಬಾಗಿಲು ಮುಚ್ಚಿದೆ, ಹಿತ್ತಿಲ ಬಾಗಿಲು ತೆರೆದಿದೆ. ಆ ಹಿತ್ತಿಲ ದಾರಿಯನ್ನೂ ಹೇಳುತ್ತೇನೆ. ಅದಕ್ಕೆ ಮೊದಲು ಬೇರೆ ಒಂದು ವಿಷಯ ಹೇಳಬೇಕು. ಅದನ್ನು ಸರಿಮಾಡಿಕೊಳ್ಳದೆ ಮ್ಯಾಕ್ರೋ ಹಾಕಿದರೆ ನಿಮ್ಮ ತೊಂದರೆ ಹೆಚ್ಚಾಗುತ್ತದೆ.

ಹಿಂದೆ ನಾನಿದ್ದ ಒಂದು ಆಫೀಸಿನಲ್ಲಿ ಅಪಾರ್ಟ್‌ಮೆಂಟ್ ಒಂದರ ಫೂಟಿಂಗ್ ಡ್ರಾಯಿಂಗ್ ಆರ್2 (ಎರಡನೇ ರೆವಿಷನ್, ಅಂದರೆ ತಿದ್ದಿದ ಪ್ರತಿ) ಆಗಿ ಸೈಟಿಗೆ ಹೋಗಬೇಕಿತ್ತು. ಹೋಗಿದ್ದು ಆರ್1. ಎರಡೂ ತೆರೆದಿದ್ದವು, ಎರಡರ ಫೈಲ್ ಹೆಸರೂ ಒಂದೇ, ಫೋಲ್ಡರ್ ಮಾತ್ರ ಬೇರೆ. ಮಣ್ಣು ಪರೀಕ್ಷೆಯ ವರದಿ ಬಂದ ಮೇಲೆ ನಾವು ಫೂಟಿಂಗ್ ಅಳತೆಯನ್ನು ಹೆಚ್ಚಿಸಿದ್ದೆವು. ಬಾರ್ ಬೆಂಡರ್‌ಗಳು ಹಳೇ ಅಳತೆಗೆ ಸರಳು ಕತ್ತರಿಸಿ ಮುಗಿಸಿದ ಮೇಲೆ ಸೈಟ್ ಇಂಜಿನಿಯರ್‌ಗೆ ಅನುಮಾನ ಬಂದು ಫೋನ್ ಮಾಡಿದರು. ಕಾಂಕ್ರೀಟ್ ಹಾಕಿರಲಿಲ್ಲ ಅನ್ನುವುದೊಂದೇ ಸಮಾಧಾನ. ಕತ್ತರಿಸಿದ ಸರಳು ಮತ್ತೆ ಉದ್ದವಾಗುವುದಿಲ್ಲವಲ್ಲ.

ಅದಾದ ಮೇಲೆ ನೀವೀಗ ಯೋಚಿಸಿದ್ದನ್ನೇ ನಾವೂ ಯೋಚಿಸಿದೆವು. ಒಬ್ಬರು ಮ್ಯಾಕ್ರೋ ಬರೆದರು, ಟೈಟಲ್ ಬಾರ್‌ನಲ್ಲಿ ರೆವಿಷನ್ ಕಾಣತೊಡಗಿತು, ಎಲ್ಲರಿಗೂ ಖುಷಿಯಾಯಿತು. ಕೆಲವೇ ವಾರಗಳಲ್ಲಿ ಇನ್ನೊಂದು ಘಟನೆ. ತೆರೆದಿದ್ದು ಆರ್2 ಡ್ರಾಯಿಂಗ್, ಟೈಟಲ್ ಬಾರ್ ಹೇಳುತ್ತಿದ್ದುದು ಆರ್3. ಮ್ಯಾಕ್ರೋ ಹಿಂದಿನ ಡ್ರಾಯಿಂಗಿನ ಹೆಸರನ್ನು ಬರೆದಿಟ್ಟಿತ್ತು. ಟ್ಯಾಬ್ ಬದಲಿಸಿದಾಗ ಅದನ್ನು ತಿದ್ದುವ ಕೋಡೇ ಅದರಲ್ಲಿರಲಿಲ್ಲ. ಮೊದಲಾದರೆ ಡ್ರಾಫ್ಟಿಂಗ್ ಮಾಡುವ ಹುಡುಗ ಫೋಲ್ಡರ್ ನೋಡಿ ಖಾತ್ರಿ ಮಾಡಿಕೊಳ್ಳುತ್ತಿದ್ದ. ಈಗ ಮೇಲೆ ಬರೆದಿದೆಯಲ್ಲ ಅಂತ ನಂಬಿದ. ಏನೂ ಹೇಳದ ಟೈಟಲ್ ಬಾರ್‌ಗಿಂತ ತಪ್ಪು ಹೇಳುವ ಟೈಟಲ್ ಬಾರ್ ಅಪಾಯಕಾರಿ ಎಂದು ನಾನು ಕಲಿತದ್ದು ಅಲ್ಲಿ. ಕೆಳಗೆ ಬರುವ ಪ್ರತಿ ದಾರಿಯನ್ನೂ ಇದೇ ಒರೆಗಲ್ಲಿಗೆ ಹಚ್ಚಿ ನೋಡಿದ್ದೇನೆ: ತೋರಿಸುವ ಮಾಹಿತಿ ಎಲ್ಲಿಂದ ಬರುತ್ತದೆ, ಅದು ಹಳಸಿದರೆ ಯಾರಿಗೆ ಗೊತ್ತಾಗುತ್ತದೆ.

ಮ್ಯಾಕ್ರೋ ಏನೂ ಇಲ್ಲದೆ ಇವತ್ತೇ ಮಾಡಬಹುದಾದ ಕೆಲಸ ಒಂದಿದೆ. ಆಪ್ಷನ್ಸ್ ತೆರೆದು ಓಪನ್ ಅಂಡ್ ಸೇವ್ ಟ್ಯಾಬಿಗೆ ಹೋಗಿ. ‘ಡಿಸ್‌ಪ್ಲೇ ಫುಲ್ ಪಾತ್ ಇನ್ ಟೈಟಲ್’ ಎಂಬ ಚೌಕಕ್ಕೆ ಟಿಕ್ ಹಾಕಿದರೆ ಫೈಲ್ ಹೆಸರಿನ ಜೊತೆಗೆ ಇಡೀ ಫೋಲ್ಡರ್ ದಾರಿ ಕಾಣುತ್ತದೆ. ಆಟೋಕ್ಯಾಡ್ ತಾನೇ ಬರೆಯುವುದರಿಂದ ಇದು ಎಂದೂ ತಪ್ಪು ಹೇಳುವುದಿಲ್ಲ. ಕೊರತೆಯೂ ಇದೆ. ಸರ್ವರ್ ಡ್ರೈವ್, ವರ್ಷ, ಕ್ಲೈಂಟ್, ಪ್ರಾಜೆಕ್ಟ್, ಸ್ಟ್ರಕ್ಚರಲ್, ವರ್ಕಿಂಗ್, ಆರ್2 ಎಂದು ದಾರಿ ಉದ್ದವಾದಾಗ ನಮಗೆ ಬೇಕಾದ ತುಣುಕು ನಡುವೆ ಎಲ್ಲೋ ಹೂತುಹೋಗುತ್ತದೆ. ಟಾಸ್ಕ್‌ಬಾರ್‌ನಲ್ಲಿ ಅಷ್ಟುದ್ದ ಹಿಡಿಸುವುದಿಲ್ಲ, ಬಾಲ ಕತ್ತರಿಸಿ ತೋರಿಸುತ್ತದೆ.

ಇನ್ನೊಂದು, ಫೈಲ್ ಹೆಸರಿನಲ್ಲೇ ಪ್ರಾಜೆಕ್ಟ್ ನಂಬರನ್ನು ಮೊದಲು ಬರೆಯುವುದು. ವಾಟ್ಸಾಪ್‌ನಲ್ಲಿ ಕಳಿಸಿದ ‘ಫೂಟಿಂಗ್ ಪ್ಲಾನ್’ ಸೈಟಿನವರ ಫೋನಿನಲ್ಲಿ ಹತ್ತು ಫೂಟಿಂಗ್ ಪ್ಲಾನ್‌ಗಳ ನಡುವೆ ಕೂರುತ್ತದೆ. ಅಲ್ಲಿ ನಿಮ್ಮ ಟೈಟಲ್ ಬಾರ್ ಕೆಲಸಕ್ಕೆ ಬರುವುದಿಲ್ಲ, ಫೈಲ್ ಹೆಸರೇ ಬರಬೇಕು. ಆದರೆ ನಡೆಯುತ್ತಿರುವ ಪ್ರಾಜೆಕ್ಟಿನ ಫೈಲುಗಳ ಹೆಸರನ್ನು ಒಮ್ಮೆಲೇ ಬದಲಿಸಬೇಡಿ. ಎಕ್ಸ್‌ರೆಫ್‌ಗಳು (ಒಂದು ಡ್ರಾಯಿಂಗಿಗೆ ಇನ್ನೊಂದನ್ನು ಕಟ್ಟುವ ಕೊಂಡಿಗಳು) ಫೈಲನ್ನು ಹೆಸರು ಹಿಡಿದೇ ಹುಡುಕುತ್ತವೆ. ಗ್ರಿಡ್ ಡ್ರಾಯಿಂಗಿನ ಹೆಸರು ಬದಲಾದರೆ ಅದನ್ನು ಕಟ್ಟಿಕೊಂಡ ಅಷ್ಟೂ ಶೀಟುಗಳಲ್ಲಿ ಗ್ರಿಡ್ ಮಾಯವಾಗುತ್ತದೆ. ಹೊಸ ಪ್ರಾಜೆಕ್ಟಿನಿಂದ ಶುರುಮಾಡಿ.

ಈಗ ಅಡಿಪಾಯದ ಕೆಲಸ. ಪ್ರಾಜೆಕ್ಟ್ ನಂಬರು, ರೆವಿಷನ್, ಸೈಟಿನ ಹೆಸರು ಇವು ಮ್ಯಾಕ್ರೋ ಒಳಗೆ ಇರಬಾರದು, ಪಕ್ಕದ ಟೆಕ್ಸ್ಟ್ ಫೈಲಿನಲ್ಲೂ ಇರಬಾರದು. ಡ್ರಾಯಿಂಗಿನ ಒಳಗೇ ಇರಬೇಕು. ಡಿಡಬ್ಲ್ಯುಜಿಪ್ರಾಪ್ಸ್ ಕಮಾಂಡ್ ಕೊಟ್ಟರೆ ಬರುವ ಪೆಟ್ಟಿಗೆಯಲ್ಲಿ ಕಸ್ಟಮ್ ಎಂಬ ಟ್ಯಾಬ್ ಇದೆ. ಅಲ್ಲಿ ಪ್ರೊಜ್‌ನೋ, ರೆವ್, ಸೈಟ್ ಎಂದು ಮೂರು ಪ್ರಾಪರ್ಟಿ ಸೇರಿಸಿ. (ಇವನ್ನೂ ಮುಂದೆ ಬರುವ ಕಮಾಂಡ್, ಫಂಕ್ಷನ್ ಹೆಸರುಗಳನ್ನೂ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.) ನಿಮ್ಮ ಟೆಂಪ್ಲೇಟ್ ಫೈಲಿನಲ್ಲೇ ಸೇರಿಸಿಟ್ಟರೆ ಹೊಸ ಡ್ರಾಯಿಂಗುಗಳಿಗೆಲ್ಲ ತಾನಾಗಿ ಬರುತ್ತವೆ.

ಇಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ. ಶೀಟಿನ ಮೂಲೆಯ ವಿವರದ ಚೌಕದಲ್ಲಿ, ಅಂದರೆ ಟೈಟಲ್ ಬ್ಲಾಕಿನಲ್ಲಿ, ರೆವಿಷನ್ ನಂಬರನ್ನು ಕೈಯಿಂದ ಬರೆಯುವುದನ್ನು ಬಿಟ್ಟು, ಆ ಜಾಗದಲ್ಲಿ ಫೀಲ್ಡ್ ಹಾಕಿ. ಫೀಲ್ಡ್ ಪೆಟ್ಟಿಗೆಯ ಡಾಕ್ಯುಮೆಂಟ್ ವಿಭಾಗದಲ್ಲಿ ನೀವು ಮಾಡಿದ ಕಸ್ಟಮ್ ಪ್ರಾಪರ್ಟಿಗಳ ಹೆಸರು ಕಾಣುತ್ತದೆ. ಫೈಲ್ ತೆರೆದಾಗ, ಸೇವ್ ಮಾಡಿದಾಗ, ಪ್ಲಾಟ್ ಕೊಟ್ಟಾಗ ಫೀಲ್ಡ್ ತಾನೇ ಹೊಸ ಬೆಲೆ ತೆಗೆದುಕೊಳ್ಳುತ್ತದೆ. ಇಷ್ಟು ಮಾಡಿದರೆ ಪ್ರಿಂಟ್ ಆಗುವ ಶೀಟು ಮತ್ತು ಪರದೆಯ ಮೇಲಿನ ಪಟ್ಟಿ ಎರಡೂ ಒಂದೇ ಬಾವಿಯ ನೀರು ಕುಡಿಯುತ್ತವೆ. ಆರ್2 ಅನ್ನು ಸೇವ್ ಆ್ಯಸ್ ಮಾಡಿ ಆರ್3 ಶುರುಮಾಡಿದವರು ಪ್ರಾಪರ್ಟಿ ಬದಲಿಸಲು ಮರೆತರು ಅಂತಿಟ್ಟುಕೊಳ್ಳಿ. ಟೈಟಲ್ ಬಾರ್ ತಪ್ಪು ಹೇಳುತ್ತದೆ, ನಿಜ, ಆದರೆ ಶೀಟಿನ ಮೂಲೆಯೂ ಅದೇ ತಪ್ಪು ಹೇಳುತ್ತದೆ. ಚೆಕ್ ಮಾಡುವ ಇಂಜಿನಿಯರ್ ಕಣ್ಣಿಗೆ ಬೀಳುತ್ತದೆ. ತಪ್ಪು ಬಚ್ಚಿಟ್ಟುಕೊಳ್ಳಲು ಜಾಗ ಇಲ್ಲದಂತೆ ಮಾಡುವುದೇ ಇದರ ಉದ್ದೇಶ.

ಮಾಹಿತಿ ಡ್ರಾಯಿಂಗಿನೊಳಗೆ ಕೂತ ಮೇಲೆ ಅದನ್ನು ತೋರಿಸಲು ನನ್ನ ಮೊದಲ ಆಯ್ಕೆ ಟೈಟಲ್ ಬಾರ್ ಅಲ್ಲ, ಕೆಳಗಿನ ಸ್ಟೇಟಸ್ ಬಾರ್. ಕಾರಣ ಸರಳ. ಟೈಟಲ್ ಬಾರ್‌ನಲ್ಲಿ ಬರೆಯುವುದು ಆಟೋಕ್ಯಾಡ್‌ಗೆ ಸೇರಿದ ಜಾಗದಲ್ಲಿ ನಾವು ಬರೆದಂತೆ. ಸ್ಟೇಟಸ್ ಬಾರ್‌ನಲ್ಲಿ ಬಳಕೆದಾರರಿಗೆಂದೇ ಒಂದು ಜಾಗ ಕೊಟ್ಟಿದ್ದಾರೆ. ಅದರ ಹೆಸರು ಮೋಡ್‌ಮ್ಯಾಕ್ರೋ. ಇದು ಒಂದು ಸಿಸ್ಟಮ್ ವೇರಿಯಬಲ್, ಅಂದರೆ ಆಟೋಕ್ಯಾಡ್ ಹೆಸರಿಟ್ಟು ಉಳಿಸಿಕೊಳ್ಳುವ ಒಂದು ಬೆಲೆ. ಇದಕ್ಕೆ ಕೊಡುವ ಸಾಲನ್ನು ಡೀಸೆಲ್ ಎಂಬ ಪುಟ್ಟ ಭಾಷೆಯಲ್ಲಿ ಬರೆಯುತ್ತಾರೆ. ಆಟೋಕ್ಯಾಡ್ ಆ ಸಾಲನ್ನು ಮತ್ತೆ ಮತ್ತೆ ತಾನೇ ಲೆಕ್ಕಹಾಕಿ ತೋರಿಸುತ್ತದೆ. ಆಟೋಲಿಸ್ಪ್ (ಆಟೋಕ್ಯಾಡ್‌ನ ಸ್ವಂತ ಪ್ರೋಗ್ರಾಮಿಂಗ್ ಭಾಷೆ) ಇಲ್ಲದ, ಸೌಲಭ್ಯ ಕಡಿಮೆ ಇರುವ ಹಳೆಯ ಎಲ್‌ಟಿ ಆವೃತ್ತಿಗಳಲ್ಲೂ ಇದು ನಡೆಯುತ್ತದೆ. ಎಲ್‌ಟಿಗೆ ಆಟೋಲಿಸ್ಪ್ ಬಂದದ್ದು 2024ರ ಆವೃತ್ತಿಯಲ್ಲಿ.

ಒಂದು ಸಾಲು ನೋಡಿ:

$(ಗೆಟ್‌ವಾರ್,ಯೂಸರ್ಸ್1) | $(ಗೆಟ್‌ವಾರ್,ಡಿಡಬ್ಲ್ಯುಜಿನೇಮ್) $(ಇಫ್,$(ಗೆಟ್‌ವಾರ್,ರೈಟ್‌ಸ್ಟಾಟ್),,ರೀಡ್ ಓನ್ಲಿ)

ಡಿಡಬ್ಲ್ಯುಜಿನೇಮ್ ಅಂದರೆ ಫೈಲ್ ಹೆಸರು. ರೈಟ್‌ಸ್ಟಾಟ್ ಎಂಬುದು ಈ ಫೈಲಿಗೆ ಬರೆಯಬಹುದಾದರೆ 1, ಓದಲು ಮಾತ್ರ ತೆರೆದಿದ್ದರೆ 0. ಹಾಗಾಗಿ ಬೇರೆಯವರು ತೆರೆದಿಟ್ಟ ಡ್ರಾಯಿಂಗನ್ನು ನೀವು ರೀಡ್ ಓನ್ಲಿಯಾಗಿ ತೆರೆದಾಗ ಮಾತ್ರ ಕೊನೆಯ ಎರಡು ಪದ ಕಾಣುತ್ತವೆ. ಎರಡು ಗಂಟೆ ಕೆಲಸ ಮಾಡಿ ಸೇವ್ ಕೊಟ್ಟಾಗ ಆಗದು ಎನ್ನುವ ಸಂಕಟದಿಂದ ಈ ಒಂದು ತುಣುಕು ಎಷ್ಟೋ ಜನರನ್ನು ಉಳಿಸಿದೆ. ಇಫ್‌ನಲ್ಲಿ ಎರಡು ಅಲ್ಪವಿರಾಮ ಪಕ್ಕಪಕ್ಕ ಬಂದಿರುವುದು ಕಣ್ತಪ್ಪಲ್ಲ, ‘ನಿಜವಾದರೆ ಏನೂ ಬರೆಯಬೇಡ’ ಎಂದು ಅದರ ಅರ್ಥ. ಸಾಲು ಕೆಟ್ಟರೆ ಮ್ಯಾಕ್ರೋಟ್ರೇಸ್ ಅನ್ನು 1 ಮಾಡಿ, ಯಾವ ತುಣುಕು ಏನಾಯಿತು ಎಂದು ಕಮಾಂಡ್ ಲೈನಿನಲ್ಲಿ ಬಿಡಿಸಿ ತೋರಿಸುತ್ತದೆ. ಸ್ಟೇಟಸ್ ಬಾರ್ ಮೊದಲಿನಂತಾಗಬೇಕಾದರೆ ಮೋಡ್‌ಮ್ಯಾಕ್ರೋಗೆ ಒಂದು ಚುಕ್ಕಿ ಕೊಟ್ಟರೆ ಸಾಕು.

ಮೊದಲಿರುವ ಯೂಸರ್ಸ್1 (ನಮಗೆ ಬೇಕಾದ ಪಠ್ಯ ಇಟ್ಟುಕೊಳ್ಳಲು ಕೊಟ್ಟಿರುವ ಸಿಸ್ಟಮ್ ವೇರಿಯಬಲ್) ಏಕೆ ಬೇಕು? ಡೀಸೆಲ್‌ಗೆ ಸಿಸ್ಟಮ್ ವೇರಿಯಬಲ್ ಓದಲು ಬರುತ್ತದೆ, ಕಸ್ಟಮ್ ಪ್ರಾಪರ್ಟಿ ಓದಲು ಬರುವುದಿಲ್ಲ. ನಡುವೆ ಒಬ್ಬ ಕೈಗೆ ಕೊಡುವವನು ಬೇಕು, ಅದು ಆಟೋಲಿಸ್ಪ್. ಡ್ರಾಯಿಂಗಿನ ಸಮರಿಇನ್ಫೋ ಆಬ್ಜೆಕ್ಟನ್ನು ಹಿಡಿದು ಗೆಟ್‌ಕಸ್ಟಮ್‌ಬೈಕೀ ಮೂಲಕ ರೆವ್ ಓದಿ, ಅದನ್ನು ಯೂಸರ್ಸ್1ಕ್ಕೆ ಸೆಟ್‌ವಾರ್ ಮಾಡಿದರೆ ಆಯಿತು. ಎಚ್ಚರ ಬೇಕಾದ್ದು ಒಂದು ಕಡೆ: ಆ ಹೆಸರಿನ ಪ್ರಾಪರ್ಟಿ ಇಲ್ಲದ ಡ್ರಾಯಿಂಗಿನಲ್ಲಿ ಗೆಟ್‌ಕಸ್ಟಮ್‌ಬೈಕೀ ಖಾಲಿ ಉತ್ತರ ಕೊಡುವುದಿಲ್ಲ, ಎರರ್ ಕೊಟ್ಟು ನಿಲ್ಲುತ್ತದೆ. ಅಲ್ಲಿ ನಿಂತರೆ ಹಿಂದಿನ ಬೆಲೆ ಹಾಗೇ ಉಳಿದುಬಿಡುವ ಅಪಾಯ ಇದೆ. ನಮ್ಮ ಆಫೀಸಿನಲ್ಲಿ ಆದದ್ದರ ಇನ್ನೊಂದು ರೂಪ ಅದು. ಆದ್ದರಿಂದ ವಿಎಲ್-ಕ್ಯಾಚ್-ಆಲ್-ಅಪ್ಲೈ ಒಳಗೆ ಓದಿಸಿ. ಎರರ್ ಬಂದರೆ ಯೂಸರ್ಸ್1ಕ್ಕೆ ‘ರೆವ್ ಇಲ್ಲ’ ಎಂದು ಎದ್ದು ಕಾಣುವಂತೆ ಬರೆಯಿಸಿ. ಖಾಲಿ ಬಿಡಬೇಡಿ. ಖಾಲಿ ಜಾಗ ಯಾರ ಕಣ್ಣಿಗೂ ಬೀಳುವುದಿಲ್ಲ.

ಈ ಕೋಡನ್ನು ಆಕ್ಯಾಡ್‌ಡಾಕ್ ಎಂಬ ಲಿಸ್ಪ್ ಫೈಲಿನಲ್ಲಿ ಇಡಿ, ಅದು ಪ್ರತಿ ಡ್ರಾಯಿಂಗ್ ತೆರೆದಾಗಲೂ ಲೋಡ್ ಆಗುತ್ತದೆ. ಬರೀ ಆಕ್ಯಾಡ್ ಎಂಬ ಲಿಸ್ಪ್ ಫೈಲು ಸಾಮಾನ್ಯವಾಗಿ ಆಟೋಕ್ಯಾಡ್ ಶುರುವಾದಾಗ ಒಮ್ಮೆ ಮಾತ್ರ. ತೆರೆದಾಗ ಓದಿದರೆ ಸಾಲದು. ಡ್ರಾಯಿಂಗಿನಿಂದ ಡ್ರಾಯಿಂಗಿಗೆ ಹೋದಾಗ ಓದಬೇಕು, ಅದಕ್ಕೆ ಡಾಕ್‌ಮ್ಯಾನೇಜರ್ ರಿಯಾಕ್ಟರ್‌ನ ‘ಡಾಕ್ಯುಮೆಂಟ್ ಬಿಕೇಮ್ ಕರೆಂಟ್’ ಇದೆ (ಏನಾದರೂ ನಡೆದ ಕೂಡಲೇ ನಮ್ಮ ಫಂಕ್ಷನ್ನನ್ನು ಕರೆಯುವುದೇ ರಿಯಾಕ್ಟರ್). ಡಿಡಬ್ಲ್ಯುಜಿಪ್ರಾಪ್ಸ್ ಅಥವಾ ಸೇವ್ ಆ್ಯಸ್ ಮುಗಿದಾಗ ಓದಬೇಕು, ಅದಕ್ಕೆ ಕಮಾಂಡ್ ರಿಯಾಕ್ಟರ್‌ನ ‘ಕಮಾಂಡ್ ಎಂಡೆಡ್’ ಇದೆ. ರಿಯಾಕ್ಟರ್ ಕರೆಯುವ ಫಂಕ್ಷನ್ನಿನ ಒಳಗೆ ಕಮಾಂಡ್ ಎಂಬ ಲಿಸ್ಪ್ ಫಂಕ್ಷನ್ ಬಳಸುವಂತಿಲ್ಲ, ಸೆಟ್‌ವಾರ್ ಬಳಸಬಹುದು. ನಮಗೆ ಬೇಕಾದ್ದೂ ಅಷ್ಟೇ. ಅದೇ ರಿಯಾಕ್ಟರನ್ನು ಒಂದೇ ಡ್ರಾಯಿಂಗಿನಲ್ಲಿ ಎರಡು ಸಲ ಕಟ್ಟದಂತೆ ಒಂದು ಗ್ಲೋಬಲ್ ವೇರಿಯಬಲ್‌ನಲ್ಲಿ ಗುರುತಿಟ್ಟುಕೊಳ್ಳಿ.

ಪ್ರಾಪರ್ಟಿ ಬೇಡ, ಫೋಲ್ಡರ್ ಹೆಸರೇ ಸಾಕು ಅನ್ನುವವರು ಡಿಡಬ್ಲ್ಯುಜಿಪ್ರಿಫಿಕ್ಸ್‌ನಿಂದ (ಫೈಲ್ ಇರುವ ಫೋಲ್ಡರ್ ದಾರಿಯನ್ನು ಹೇಳುವ ವೇರಿಯಬಲ್) ಕೊನೆಯ ಫೋಲ್ಡರನ್ನು ಕತ್ತರಿಸಿಕೊಳ್ಳಬಹುದು. ಅದಕ್ಕೆ ವಿಎಲ್-ಫೈಲ್‌ನೇಮ್-ಬೇಸ್ ಬಳಸುವವರು ಒಂದು ನೆನಪಿಡಿ. ಅದು ಚುಕ್ಕಿಯ ನಂತರದ್ದನ್ನು ಎಕ್ಸ್‌ಟೆನ್ಷನ್ ಎಂದು ಭಾವಿಸಿ ಬಿಸಾಡುತ್ತದೆ. ಫೋಲ್ಡರ್ ಹೆಸರು ‘ಆರ್1.2’ ಆಗಿದ್ದರೆ ‘ಆರ್1’ ಎಂದು ತೋರಿಸುತ್ತದೆ. ರೆವಿಷನ್ ತೋರಿಸಲೆಂದೇ ಬರೆದ ಕೋಡು ರೆವಿಷನ್ನನ್ನೇ ಅರ್ಧ ನುಂಗಿದರೆ ಎಂಥ ಅನಾಹುತ ನೋಡಿ.

ಇಷ್ಟಾದ ಮೇಲೂ ಟೈಟಲ್ ಬಾರೇ ಬೇಕು ಅನ್ನಲು ಒಳ್ಳೆಯ ಕಾರಣಗಳಿವೆ. ಆಲ್ಟ್ ಟ್ಯಾಬ್ ಒತ್ತಿದಾಗ ಕಾಣುವುದು, ಟಾಸ್ಕ್‌ಬಾರ್‌ನಲ್ಲಿ ಕಾಣುವುದು, ಯಾವ ಪ್ರಾಜೆಕ್ಟಿಗೆ ಎಷ್ಟು ಹೊತ್ತು ಎಂದು ಲೆಕ್ಕ ಇಡುವ ಸಾಫ್ಟ್‌ವೇರುಗಳು ಓದುವುದು ಆ ಕಿಟಕಿಯ ಹೆಸರನ್ನೇ. ಸ್ಟೇಟಸ್ ಬಾರ್ ಅಲ್ಲಿಗೆ ತಲುಪುವುದಿಲ್ಲ. ಹಾಗಿದ್ದರೆ ಹಿತ್ತಿಲ ಬಾಗಿಲಿಗೆ ಹೋಗೋಣ.

ಟೈಟಲ್ ಬಾರ್‌ನ ಹೆಸರು ಆಟೋಕ್ಯಾಡ್‌ನ ಸ್ವಂತ ಸೊತ್ತಲ್ಲ, ಅದು ವಿಂಡೋಸ್ ಇಟ್ಟುಕೊಂಡಿರುವ ಒಂದು ಪಠ್ಯ. ವಿಂಡೋಸ್‌ನ ಯೂಸರ್32 ಲೈಬ್ರರಿಯಲ್ಲಿ ಸೆಟ್‌ವಿಂಡೋಟೆಕ್ಸ್ಟ್ ಎಂಬ ಫಂಕ್ಷನ್ ಇದೆ. ಕಿಟಕಿಯ ಹ್ಯಾಂಡಲ್ ನಂಬರು ಮತ್ತು ಹೊಸ ಹೆಸರು ಕೊಟ್ಟರೆ ಅದು ಬರೆಯುತ್ತದೆ. ಹ್ಯಾಂಡಲನ್ನು ಆಟೋಕ್ಯಾಡ್ ಧಾರಾಳವಾಗಿ ಕೊಡುತ್ತದೆ: ಅಪ್ಲಿಕೇಶನ್‌ಗೂ ಎಚ್‌ಡಬ್ಲ್ಯುಎನ್‌ಡಿ ಎಂಬ ಪ್ರಾಪರ್ಟಿ ಇದೆ, ಪ್ರತಿ ಡಾಕ್ಯುಮೆಂಟಿಗೂ ಇದೆ. ಅಂದರೆ ಹೊರ ಚೌಕಟ್ಟಿನ ಕಿಟಕಿ ಒಂದು, ಒಳಗೆ ಡ್ರಾಯಿಂಗಿನ ಕಿಟಕಿ ಇನ್ನೊಂದು. ವಿಂಡೋಸ್‌ನ ಹಳೆಯ ಪದ್ಧತಿಯಲ್ಲಿ ಒಳಗಿನ ಕಿಟಕಿಯನ್ನು ದೊಡ್ಡದು ಮಾಡಿದಾಗ ಅದರ ಹೆಸರು ಚೌಕ ಆವರಣದೊಳಗೆ ಹೊರಗಿನ ಹೆಸರಿಗೆ ಅಂಟಿಕೊಳ್ಳುತ್ತದೆ. ಎರಡಕ್ಕೂ ಬರೆದರೆ ಹೆಸರು ಎರಡೆರಡು ಸಲ ಬಂದು ಪೇಚಾಗುತ್ತದೆ. ಒಂದನ್ನು ಆರಿಸಿಕೊಳ್ಳಿ. ಟಾಸ್ಕ್‌ಬಾರ್ ಮುಖ್ಯವಾದರೆ ಹೊರಗಿನದು.

ವಿಬಿಎದಲ್ಲಿ ಈ ಫಂಕ್ಷನ್ನನ್ನು ಡಿಕ್ಲೇರ್ ಮಾಡಿಕೊಳ್ಳಬೇಕು. 64 ಬಿಟ್ ಆಟೋಕ್ಯಾಡ್‌ನಲ್ಲಿ ಡಿಕ್ಲೇರ್ ಪಕ್ಕದಲ್ಲಿ ಪಿಟಿಆರ್‌ಸೇಫ್ ಎಂಬ ಪದ ಕಡ್ಡಾಯ, ಹ್ಯಾಂಡಲ್ ಲಾಂಗ್ ಅಲ್ಲ ಲಾಂಗ್‌ಪಿಟಿಆರ್ ಆಗಬೇಕು. ಇಂಟರ್ನೆಟ್ಟಿನಲ್ಲಿ ಸಿಗುವ ಹಳೆಯ ಕೋಡುಗಳು ಬಹುತೇಕ 32 ಬಿಟ್ ಕಾಲದವು, ಹಾಗೇ ತಂದು ಅಂಟಿಸಿದರೆ ಕಂಪೈಲ್ ಆಗುವುದಿಲ್ಲ. ಒಮ್ಮೆ ಓಡಿಸಿದಾಗ ಹೆಸರು ಬದಲಾಗುತ್ತದೆ. ಸಂತೋಷಪಡುವ ಮೊದಲು ಬೇರೆ ಡ್ರಾಯಿಂಗಿಗೆ ಹೋಗಿ ಬನ್ನಿ. ಆಟೋಕ್ಯಾಡ್ ತನ್ನ ಹೆಸರನ್ನು ಮತ್ತೆ ಬರೆದಿರುತ್ತದೆ. ಆದ್ದರಿಂದ ಗ್ಲೋಬಲ್ ಪ್ರಾಜೆಕ್ಟಿನ ದಿಸ್‌ಡ್ರಾಯಿಂಗ್ ಮಾಡ್ಯೂಲಿನಲ್ಲಿ ಆಕ್ಟಿವೇಟ್ ಮತ್ತು ಎಂಡ್‌ಸೇವ್ ಈವೆಂಟುಗಳಿಂದ ಹೆಸರು ಬರೆಯುವ ಸಬ್‌ರೂಟೀನನ್ನು ಕರೆಯಬೇಕು. ಆ ಸಬ್‌ರೂಟೀನ್ ಪ್ರತಿ ಸಲವೂ ಪ್ರಾಪರ್ಟಿಯನ್ನು ಹೊಸದಾಗಿ ಓದಬೇಕು. ಹಿಂದೆ ಓದಿದ್ದನ್ನು ವೇರಿಯಬಲ್‌ನಲ್ಲಿ ಜೋಪಾನ ಮಾಡಿಟ್ಟುಕೊಳ್ಳುವುದೇ ಬೇಡ. ನಾನು ಹೇಳಿದ ಆರ್3 ಘಟನೆಯ ಬೇರು ಅಲ್ಲೇ ಇತ್ತು.

ಮ್ಯಾಕ್ರೋವನ್ನು ಆಕ್ಯಾಡ್ ಎಂಬ ಹೆಸರಿನ ಡಿವಿಬಿ (ವಿಬಿಎ ಪ್ರಾಜೆಕ್ಟ್) ಫೈಲಿನಲ್ಲಿ ಉಳಿಸಿ, ಶುರುವಿನ ಸಬ್‌ರೂಟೀನಿಗೆ ಆಕ್ಯಾಡ್‌ಸ್ಟಾರ್ಟ್‌ಅಪ್ ಎಂದು ಹೆಸರಿಟ್ಟರೆ ವಿಬಿಎ ಲೋಡ್ ಆದಾಗ ತಾನೇ ಓಡುತ್ತದೆ. ಒಂದು ಮಾತು ನೆನಪಿರಲಿ: 2010ರ ಆವೃತ್ತಿಯಿಂದ ವಿಬಿಎ ಆಟೋಕ್ಯಾಡ್ ಜೊತೆಗೇ ಬರುವುದಿಲ್ಲ, ಆಯಾ ಆವೃತ್ತಿಗೆ ಹೊಂದುವ ಮಾಡ್ಯೂಲನ್ನು ಬೇರೆಯಾಗಿ ಇಳಿಸಿಕೊಳ್ಳಬೇಕು. ಮ್ಯಾಕ್ ಆವೃತ್ತಿಯಲ್ಲಿ ವಿಬಿಎ ಇಲ್ಲವೇ ಇಲ್ಲ. ಆಫೀಸಿನ ಹತ್ತು ಕಂಪ್ಯೂಟರುಗಳಲ್ಲಿ ಎಂಟರಲ್ಲಿ ಮಾತ್ರ ಮಾಡ್ಯೂಲ್ ಇದ್ದರೆ ಎರಡರಲ್ಲಿ ಟೈಟಲ್ ಬಾರ್ ಬರಿದಾಗಿರುತ್ತದೆ, ಅದನ್ನು ಎಲ್ಲರಿಗೂ ತಿಳಿಸಿ.

ಏನು ಬರೆಯಬೇಕು, ಯಾವ ಕ್ರಮದಲ್ಲಿ? ರೆವಿಷನ್ ಮೊದಲು, ಆಮೇಲೆ ಪ್ರಾಜೆಕ್ಟ್ ನಂಬರು, ಆಮೇಲೆ ಶೀಟಿನ ಹೆಸರು, ಕೊನೆಗೆ ಸೈಟು. ಟಾಸ್ಕ್‌ಬಾರ್ ಬಲಗಡೆಯಿಂದ ಕತ್ತರಿಸುತ್ತದೆ. ‘ಆಟೋಡೆಸ್ಕ್ ಆಟೋಕ್ಯಾಡ್’ ಎಂಬ ಪದಗಳು ಎಡಗಡೆ ಕೂತು ಜಾಗ ತಿನ್ನುವುದು ಬೇಡ. ಆದರೆ ಪೂರ್ತಿ ಕಿತ್ತುಹಾಕುವುದೂ ಬೇಡ, ಆಟೋಕ್ಯಾಡ್ ಕಿಟಕಿಯನ್ನು ಹೆಸರಿನಿಂದ ಹುಡುಕುವ ಬೇರೆ ಟೂಲುಗಳು ನಿಮ್ಮಲ್ಲಿದ್ದರೆ ಅವು ಕುರುಡಾಗುತ್ತವೆ. ಬಾಲದಲ್ಲಿ ಇರಲಿ. ಕ್ಲೈಂಟಿನ ಹೆಸರನ್ನು ಮಾತ್ರ ಹಾಕಬೇಡಿ. ಆನ್‌ಲೈನ್ ಮೀಟಿಂಗಿನಲ್ಲಿ ಸ್ಕ್ರೀನ್ ಹಂಚಿಕೊಂಡಾಗ ಒಬ್ಬ ಕ್ಲೈಂಟಿನ ಹೆಸರು ಇನ್ನೊಬ್ಬರಿಗೆ ಕಾಣುತ್ತದೆ.

ಈಗ ಕನ್ನಡದ ವಿಷಯ. ಇದನ್ನು ಕೇಳಿದ್ದಕ್ಕೆ ನನಗೆ ನಿಜಕ್ಕೂ ಸಂತೋಷವಾಯಿತು. ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ಆದರೆ ದಾರಿಯಲ್ಲಿ ಮೂರು ಗುಂಡಿಗಳಿವೆ, ಬಹಳ ಜನ ಎರಡನೆಯದರಲ್ಲಿ ಬಿದ್ದು ‘ಆಟೋಕ್ಯಾಡ್‌ಗೆ ಕನ್ನಡ ಬರಲ್ಲ’ ಎಂದು ವಾಪಸ್ಸಾಗುತ್ತಾರೆ.

ಮೊದಲನೆಯದು ಅಕ್ಷರದ ಸಂಕೇತ. ನಮ್ಮ ಡ್ರಾಯಿಂಗುಗಳಲ್ಲಿ ಇವತ್ತಿಗೂ ನುಡಿಯ ಹಳೆಯ, ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಬರೆದ ಕನ್ನಡ ಇದೆ. ಅಲ್ಲಿ ಕಂಪ್ಯೂಟರಿನೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳು ಮತ್ತು ಚಿಹ್ನೆಗಳೇ, ಫಾಂಟ್ ಅವಕ್ಕೆ ಕನ್ನಡದ ವೇಷ ಹಾಕಿರುತ್ತದೆ. ಟೈಟಲ್ ಬಾರ್‌ನ ಫಾಂಟನ್ನು ವಿಂಡೋಸ್ ಆರಿಸುತ್ತದೆ, ನೀವಲ್ಲ. ಆದ್ದರಿಂದ ಆ ಪಠ್ಯ ಅಲ್ಲಿ ವೇಷ ಕಳಚಿ ಅರ್ಥವಿಲ್ಲದ ಅಕ್ಷರಗಳಾಗಿ ನಿಲ್ಲುತ್ತದೆ. ಡಿಡಬ್ಲ್ಯುಜಿಪ್ರಾಪ್ಸ್‌ನಲ್ಲಿ ಸೈಟಿನ ಹೆಸರನ್ನು ಯೂನಿಕೋಡ್ ಕೀಲಿಮಣೆಯಲ್ಲೇ ಟೈಪ್ ಮಾಡಿ. 2007ರ ಡಿಡಬ್ಲ್ಯುಜಿ ನಮೂನೆಯಿಂದ ಡ್ರಾಯಿಂಗಿನೊಳಗಿನ ಪಠ್ಯ ಯೂನಿಕೋಡ್ ಆಗಿಯೇ ಉಳಿಯುತ್ತದೆ. ತೋರಿಸಲು ಬೇಕಾದ ಫಾಂಟ್ ವಿಂಡೋಸ್‌ನಲ್ಲೇ ಇದೆ, ಎಕ್ಸ್‌ಪಿ ಕಾಲದಿಂದ ತುಂಗಾ, ವಿಂಡೋಸ್ 8ರಿಂದ ನಿರ್ಮಲಾ ಯುಐ.

ಎರಡನೆಯದು ವಿಬಿಎ ಎಡಿಟರ್. ಅದು ಯೂನಿಕೋಡ್ ಬಲ್ಲದ್ದಲ್ಲ. ಕೋಡಿನೊಳಗೆ ಕನ್ನಡ ಅಂಟಿಸಿದರೆ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು ಬರುತ್ತವೆ. ಪ್ರಾಪರ್ಟಿಯಿಂದ ಸರಿಯಾಗಿ ಓದಿ ಪರೀಕ್ಷೆಗೆಂದು ಮೆಸೇಜ್‌ಬಾಕ್ಸ್‌ನಲ್ಲಿ ತೋರಿಸಿದರೂ, ಇಮಿಡಿಯೇಟ್ ವಿಂಡೋದಲ್ಲಿ ಪ್ರಿಂಟ್ ಮಾಡಿದರೂ ಪ್ರಶ್ನಾರ್ಥಕಗಳೇ. ಆದರೆ ವಿಬಿಎದ ಸ್ಟ್ರಿಂಗ್ ಒಳಗಿಂದೊಳಗೆ ಯೂನಿಕೋಡ್ ಆಗಿಯೇ ಇರುತ್ತದೆ. ಕೆಟ್ಟಿದ್ದು ತೋರಿಸುವ ಕನ್ನಡಿ, ಮುಖವಲ್ಲ. ಪರೀಕ್ಷಿಸಬೇಕಾದರೆ ಮೊದಲ ಅಕ್ಷರದ ಆಸ್ಕ್‌ಡಬ್ಲ್ಯು ಬೆಲೆ ನೋಡಿ. ‘ಕ’ಗೆ 3221, ‘ಹ’ಗೆ 3257 ಬಂದರೆ ಕನ್ನಡ ಕ್ಷೇಮವಾಗಿದೆ. ಕೋಡಿನಲ್ಲೇ ಒಂದೆರಡು ಕನ್ನಡ ಅಕ್ಷರ ಬೇಕಾದರೆ ಸಿಎಚ್‌ಆರ್‌ಡಬ್ಲ್ಯು ಫಂಕ್ಷನ್ನಿಗೆ ಈ ಅಂಕಿಗಳನ್ನು ಕೊಟ್ಟು ಕಟ್ಟಿಕೊಳ್ಳಿ.

ಮೂರನೆಯದು ಸೆಟ್‌ವಿಂಡೋಟೆಕ್ಸ್ಟ್‌ನ ಎರಡು ರೂಪಗಳು. ಕೊನೆಗೆ ‘ಎ’ ಇರುವುದು ಹಳೆಯ ಸಂಕೇತದ್ದು, ‘ಡಬ್ಲ್ಯು’ ಇರುವುದು ಯೂನಿಕೋಡ್‌ನದು. ‘ಡಬ್ಲ್ಯು’ ಬಳಸಿದರೂ ಎರಡನೇ ಪ್ಯಾರಾಮೀಟರನ್ನು ಸ್ಟ್ರಿಂಗ್ ಎಂದು ಡಿಕ್ಲೇರ್ ಮಾಡಿದರೆ ವಿಬಿಎ ಕಳಿಸುವಾಗಲೇ ಅದನ್ನು ಹಳೆಯ ಸಂಕೇತಕ್ಕೆ ತಿರುಗಿಸಿಬಿಡುತ್ತದೆ. ಅದನ್ನು ಲಾಂಗ್‌ಪಿಟಿಆರ್ ಎಂದು ಡಿಕ್ಲೇರ್ ಮಾಡಿ, ಕರೆಯುವಾಗ ಸ್ಟ್ರ್‌ಪಿಟಿಆರ್ ಮೂಲಕ ವಿಳಾಸ ಕೊಡಿ. ಒತ್ತಕ್ಷರ ಸಮೇತ ಹೆಸರು ಹಾಗೇ ಹೋಗಿ ಕೂರುತ್ತದೆ.

ಸುರಕ್ಷತೆಯ ಮಾತು ಬಿಡುವಂತಿಲ್ಲ. 2012ರಲ್ಲಿ ಎಸಿಎಡಿ/ಮೆಡ್ರೆ ಎಂಬ ವರ್ಮ್ (ತಾನಾಗಿ ಹರಡುವ ಕೆಡುಕು ಪ್ರೋಗ್ರಾಮ್) ಪೆರು ದೇಶದಲ್ಲಿ ದೊಡ್ಡದಾಗಿ ಹರಡಿ ಡ್ರಾಯಿಂಗುಗಳನ್ನು ಚೀನಾದ ಇಮೇಲ್ ವಿಳಾಸಗಳಿಗೆ ಕಳಿಸುತ್ತಿತ್ತು. ಅದು ಅಡಗಿದ್ದು ಡ್ರಾಯಿಂಗಿನ ಪಕ್ಕದಲ್ಲೇ ಇಟ್ಟ, ತಾನಾಗಿ ಲೋಡ್ ಆಗುವ ಲಿಸ್ಪ್ ಫೈಲಿನಲ್ಲಿ. ಹಾಗಾಗಿ ನಿಮ್ಮ ಆಕ್ಯಾಡ್‌ಡಾಕ್ ಫೈಲನ್ನು ಪ್ರಾಜೆಕ್ಟ್ ಫೋಲ್ಡರುಗಳಲ್ಲಿ ಇಡಬೇಡಿ. ಬರೆಯುವ ಹಕ್ಕು ಒಬ್ಬರಿಗೆ ಮಾತ್ರ ಇರುವ ಒಂದು ಫೋಲ್ಡರಿನಲ್ಲಿಟ್ಟು ಅದನ್ನು ಆಟೋಕ್ಯಾಡ್ ನಂಬುವ ಫೋಲ್ಡರುಗಳ ಪಟ್ಟಿಯಾದ ಟ್ರಸ್ಟೆಡ್‌ಪಾತ್ಸ್‌ಗೆ ಸೇರಿಸಿ. ಎಚ್ಚರಿಕೆ ಪೆಟ್ಟಿಗೆ ಕಿರಿಕಿರಿ ಎಂದು, ಅದನ್ನು ತೋರಿಸುವ ಸೆಕ್ಯೂರ್‌ಲೋಡ್ ಅನ್ನು 0 ಮಾಡಬೇಡಿ. ಹೊರಗಿನಿಂದ ಬಂದ ಜಿಪ್ ಫೈಲಿನಲ್ಲಿ ಡ್ರಾಯಿಂಗ್ ಜೊತೆ ಆ ಹೆಸರಿನ ಲಿಸ್ಪ್ ಫೈಲು ಕಂಡರೆ ಮೊದಲು ಅದನ್ನು ತೆಗೆದುಹಾಕಿ.

ನಿಮ್ಮ ಪ್ರಶ್ನೆ ಆಟೋಕ್ಯಾಡ್ ಬಗ್ಗೆ. ಆದರೂ ಫ್ರೀಕ್ಯಾಡ್ ಎಂಬ ಉಚಿತ ಕ್ಯಾಡ್ ಸಾಫ್ಟ್‌ವೇರ್ ಬಳಸುವ ಓದುಗರಿಗಾಗಿ ಒಂದು ಮಾತು. ಅಲ್ಲಿ ಈ ಪಾಡೇ ಇಲ್ಲ. ಪೈಥಾನ್‌ನಲ್ಲಿ ಫ್ರೀಕ್ಯಾಡ್‌ಜಿಯುಐನ ಗೆಟ್‌ಮೇನ್‌ವಿಂಡೋ ಕರೆದು, ಬಂದದ್ದರ ಮೇಲೆ ಸೆಟ್‌ವಿಂಡೋಟೈಟಲ್ ಕೊಟ್ಟರೆ ಮುಗಿಯಿತು. ಪೈಥಾನ್ 3ರಲ್ಲಿ ಕನ್ನಡವನ್ನು ಕೋಡಿನಲ್ಲೇ ನೇರ ಬರೆಯಬಹುದು. ಡಾಕ್ಯುಮೆಂಟ್ ಬದಲಾದಾಗ ಮತ್ತೆ ಬರೆಯಬೇಕಾದ್ದು ಅಲ್ಲೂ ತಪ್ಪುವುದಿಲ್ಲ. ಅದಕ್ಕೆ ಆಡ್‌ಡಾಕ್ಯುಮೆಂಟ್‌ಅಬ್ಸರ್ವರ್ ಮೂಲಕ ಸ್ಲಾಟ್‌ಆಕ್ಟಿವೇಟ್‌ಡಾಕ್ಯುಮೆಂಟ್ ಎಂಬ ಮೆಥಡ್ ಇರುವ ಕ್ಲಾಸ್ ಒಂದನ್ನು ಕಟ್ಟಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಈ ವಾರ ಕಸ್ಟಮ್ ಪ್ರಾಪರ್ಟಿ, ಟೈಟಲ್ ಬ್ಲಾಕಿನ ಫೀಲ್ಡ್ ಮತ್ತು ಮೋಡ್‌ಮ್ಯಾಕ್ರೋ ಮಾಡಿ ಮುಗಿಸುತ್ತೇನೆ, ಟೈಟಲ್ ಬಾರ್ ಮ್ಯಾಕ್ರೋವನ್ನು ಒಂದೇ ಕಂಪ್ಯೂಟರಿನಲ್ಲಿ ಒಂದು ತಿಂಗಳು ಓಡಿಸಿ ನೋಡುತ್ತೇನೆ. ಈಗಿನ ಆವೃತ್ತಿಗಳಲ್ಲಿ ಮೇಲಿನ ಪಟ್ಟಿಯಲ್ಲಿ ಆಟೋಕ್ಯಾಡ್‌ನ ಸ್ವಂತ ಬಟನ್ನುಗಳು, ಹುಡುಕು ಪೆಟ್ಟಿಗೆ ಎಲ್ಲ ಸೇರಿರುವುದರಿಂದ ನಿಮ್ಮ ಆವೃತ್ತಿಯಲ್ಲಿ ಹೆಸರು ಹೇಗೆ ಕೂರುತ್ತದೆ ಎಂದು ಕಣ್ಣಾರೆ ನೋಡಿಕೊಳ್ಳಬೇಕು. ಪರೀಕ್ಷೆ ಹೀಗಿರಲಿ: ಒಂದೇ ಹೆಸರಿನ, ರೆವಿಷನ್ ಬೇರೆಯಾದ ಎರಡು ಡ್ರಾಯಿಂಗ್ ತೆರೆಯಿರಿ. ಟ್ಯಾಬ್ ಬದಲಿಸಿ. ಒಂದರಲ್ಲಿ ಪ್ರಾಪರ್ಟಿ ತಿದ್ದಿ ಸೇವ್ ಮಾಡಿ. ಇನ್ನೊಂದನ್ನು ಸೇವ್ ಆ್ಯಸ್ ಮಾಡಿ. ಪ್ರಾಪರ್ಟಿಯೇ ಇಲ್ಲದ ಹಳೆಯ ಡ್ರಾಯಿಂಗ್ ಒಂದನ್ನು ತೆರೆಯಿರಿ. 2022 ಅಥವಾ ಅದರ ನಂತರದ ಆವೃತ್ತಿಯಾದರೆ ಒಂದು ಟ್ಯಾಬನ್ನು ಹೊರಗೆಳೆದು ತೇಲುವ ಕಿಟಕಿ ಮಾಡಿ ಪಕ್ಕದ ಮಾನಿಟರಿಗೆ ಹಾಕಿ. ಅದಕ್ಕೆ ತನ್ನದೇ ಟೈಟಲ್ ಬಾರ್ ಇರುತ್ತದೆ, ಹೊರ ಚೌಕಟ್ಟಿಗೆ ಬರೆದದ್ದು ಅಲ್ಲಿಗೆ ಬರುವುದಿಲ್ಲ. ಪ್ರತಿ ಹೆಜ್ಜೆಯಲ್ಲೂ ಟೈಟಲ್ ಬಾರ್ ಹೇಳುವುದನ್ನು ಶೀಟಿನ ಮೂಲೆಯ ರೆವಿಷನ್ನಿಗೆ ಹೋಲಿಸಿ. ಒಂದೇ ಒಂದು ಕಡೆ ಅವೆರಡೂ ಬೇರೆ ಬೇರೆ ಹೇಳಿದರೂ ಅದು ಸರಿಹೋಗುವ ತನಕ ಮ್ಯಾಕ್ರೋವನ್ನು ಪಕ್ಕದ ಟೇಬಲ್ಲಿನವರಿಗೆ ಕೊಡಬೇಡಿ.